ಆಲದ ಮರವೂ ಗುಡಿಸಲೂ

ಕಳೆದ ವರ್ಷ ನಮ್ಮ ರಾಜ್ಯಶಾಸ್ತ್ರದ ತರಗತಿಯಲ್ಲಿ ಇಂಗ್ಲೆಂಡಿನ ಪಕ್ಷಪದ್ಧತಿಯ ಪಾಠ ನಡೆಯುತ್ತಿತ್ತು. ಲೇಬರ್ ಪಕ್ಷದ ಒಳಜಗಳಗಳನ್ನು ವಿವರಿಸುತ್ತಿದ್ದ ನಮ್ಮ ಅಧ್ಯಾಪಕರು ನಡುವೆ ನಿಲ್ಲಿಸಿ, "ಬಡವರ ಪರವಾಗಿ ಹುಟ್ಟಿದ ಪಕ್ಷಗಳೇ ಹೆಚ್ಚಾಗಿ ಒಡೆಯುವುದೇಕೆ?" ಎಂದು ಕೇಳಿದರು. ಹಿಂದಿನ ಬೆಂಚಿನಲ್ಲಿದ್ದ ನಾನು ಯೋಚಿಸದೆ, "ಮುಖಂಡರ ಸ್ವಾರ್ಥದಿಂದ, ಸಾರ್" ಎಂದುಬಿಟ್ಟೆ. ತರಗತಿ ನಕ್ಕಿತು, ಅವರು ನಗಲಿಲ್ಲ. "ಅದು ಅರಸೀಕೆರೆ ಸ್ಟೇಷನ್ನಿನ ಮುಂದೆ ಟೀ ಕುಡಿಯುತ್ತ ಹೇಳುವ ಉತ್ತರ. ಪರೀಕ್ಷೆಗೆ ಸಾಲದು" ಎಂದರು. ಆ ಮಾತು ನನಗೆ ನಾಟಿತು. ಹಾಗೆ ನಾಟಲು ನಮ್ಮ ಮನೆಯ ಒಂದು ಸಂಗತಿಯೂ ಕಾರಣ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮೂರು ಹಳೇಬೀಡಿಗೂ ಜಾವಗಲ್ಲಿಗೂ ನಡುವಿನ ಒಂದು ಸಣ್ಣ ಹಳ್ಳಿ. ರಾಗಿ, ಆಲೂಗೆಡ್ಡೆ, ಬದುವಿನ ಮೇಲೆ ನಾಲ್ಕು ತೆಂಗಿನ ಮರ, ಬದುಕು ಇಷ್ಟೇ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ತುಳಿದವರಲ್ಲಿ ನಾನೇ ಮೊದಲು. ತಾತನಿಗೆ ಓದು ಬಾರದು. ೧೯೭೪ರ ಭೂಸುಧಾರಣೆ ಜಾರಿಗೆ ಬಂದಾಗ, ಗೇಣಿಗೆ ಉಳುತ್ತಿದ್ದ ಒಂದೂವರೆ ಎಕರೆಗಾಗಿ ತಾತನ ಹೆಸರಿನಲ್ಲಿ ಏಳನೇ ನಂಬರಿನ ಫಾರಂ ತುಂಬಿಕೊಟ್ಟವರು ಕೆಳಮನೆಯ ತಾತ. ಅವರು ನಮಗೆ ರಕ್ತಸಂಬಂಧಿಗಳಲ್ಲ, ನಮ್ಮ ತಾತನ ಗೆಳೆಯರು. ಇಬ್ಬರ ಬಳಿಯೂ ಒಂದೊಂದೇ ಎತ್ತು. ಎರಡನ್ನೂ ಕೂಡಿಸಿ ಜೊತೆ ಮಾಡಿಕೊಂಡು ಇಬ್ಬರ ಹೊಲವನ್ನೂ ಉಳುತ್ತಿದ್ದರು. ೧೯೮೩ರ ಚುನಾವಣೆಯಲ್ಲಿ ಜನತಾ ಪಕ್ಷದ ಬಾವುಟ ಹಿಡಿದು ಹಳೇಬೀಡಿನ ಸಂತೆಯವರೆಗೆ ಒಟ್ಟಿಗೆ ನಡೆದರು. ೧೯೯೯ರಲ್ಲಿ ಜನತಾದಳ ಎರಡಾಯಿತು, ಇವರೂ ಎರಡಾದರು. ಎತ್ತುಗಳು ಬೇರೆಯಾದುವು. ಆ ವರ್ಷ ಹಿಂಗಾರಿನ ಉಳುಮೆಗೆ ಇಬ್ಬರೂ ಬಾಡಿಗೆ ಟ್ರ್ಯಾಕ್ಟರಿಗೆಂದು ಸಾಲ ಮಾಡಿದರಂತೆ. ನಾನು ಹುಟ್ಟುವ ಹೊತ್ತಿಗೆ ಅವರಿಬ್ಬರ ಮಾತು ನಿಂತು ಐದಾರು ವರ್ಷವಾಗಿತ್ತು.

ತರಗತಿಯಲ್ಲಿ ನಗೆಪಾಟಲಾದ ವಾರವೇ ಊರಿಗೆ ಹೋದಾಗ, "ಯಾಕೆ ತಾತ ಬೇರೆಯಾದಿರಿ?" ಎಂದು ಕೇಳಿದೆ. ತಾತ ಬಹಳ ಹೊತ್ತು ಯೋಚಿಸಿ, "ಅವ್ನು ಆ ಕಡೀಕ್ ಹೋದ, ನಾನು ಈ ಕಡೀಕ್ ಉಳ್ಕಂಡೆ. ಅಷ್ಟೇ ಕಣ್ ಮಗ" ಎಂದರು. ಯಾವ ವಿಷಯಕ್ಕೆ ಎಂದರೆ ಅವರಿಗೆ ನೆನಪಿಲ್ಲ. ಇಪ್ಪತ್ತು ವರ್ಷಕ್ಕೂ ಮೀರಿದ ಮೌನ. ಅದರ ಕಾರಣವೇ ಮರೆತುಹೋಗಿದೆ! ಅಂದಿನಿಂದ ನಾನು ಈ ವಿಷಯವನ್ನು ಹಿಡಿದು ಓದತೊಡಗಿದೆ.

ಜನತಾದಳವೆಂಬ ನದಿಗೆ ಹಲವು ಹೊಳೆಗಳು ಸೇರಿದ್ದುವು. ಅವುಗಳಲ್ಲಿ ಎಡಪಂಥದ್ದು ಎನ್ನಬಹುದಾದ ಹೊಳೆ ಸಮಾಜವಾದಿಗಳದು. ಕೆಳಮನೆಯ ತಾತ ಆ ಹೊಳೆಯ ನೀರು ಕುಡಿದವರು. ಹರೆಯದಲ್ಲಿ ಶಿವಮೊಗ್ಗದ ಕಡೆಗೆ ಅಡಿಕೆ ಕೊಯ್ಲಿನ ಕೂಲಿಗೆ ಹೋಗಿದ್ದಾಗ ಶಾಂತವೇರಿ ಗೋಪಾಲಗೌಡರ ಭಾಷಣ ಕೇಳಿ ಸಮಾಜವಾದಿಯಾದವರು. ಆದುದರಿಂದ ಕಥೆಯನ್ನು ಅಲ್ಲಿಂದಲೇ ಹಿಡಿಯುವುದು ಸರಿ.

ಕಾಂಗ್ರೆಸ್ ಸಮಾಜವಾದೀ ಪಕ್ಷವು ೧೯೩೪ರಲ್ಲಿ ಕಾಂಗ್ರೆಸ್ಸಿನ ಒಳಗೇ ಒಂದು ಪಂಗಡವಾಗಿ ಹುಟ್ಟಿತು. ಜಯಪ್ರಕಾಶ ನಾರಾಯಣ, ಆಚಾರ್ಯ ನರೇಂದ್ರದೇವ, ರಾಮಮನೋಹರ ಲೋಹಿಯಾ, ಅಶೋಕ ಮೆಹತಾ, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಇವರೆಲ್ಲ ಅದರಲ್ಲಿದ್ದರು. ಸ್ವಾತಂತ್ರ್ಯ ಬಂದ ಮರುವರ್ಷ, ೧೯೪೮ರಲ್ಲಿ, ನಾಸಿಕದಲ್ಲಿ ಸಭೆ ಸೇರಿ ಕಾಂಗ್ರೆಸ್ಸನ್ನು ಬಿಟ್ಟು ಹೊರಬಂದರು. ಮೊದಲನೆಯ ಮಹಾಚುನಾವಣೆಯಲ್ಲಿ ದೇಶದ ಮತಗಳಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಪಾಲು ಅವರದಾಯಿತು. ಆದರೆ ಲೋಕಸಭೆಯಲ್ಲಿ ಸಿಕ್ಕ ಸ್ಥಾನ ೧೨ ಮಾತ್ರ. ನೂರಕ್ಕೆ ಸುಮಾರು ಮೂರು ಮತ ಪಡೆದ ಕಮ್ಯುನಿಸ್ಟರು ೧೬ ಸ್ಥಾನ ಗೆದ್ದರು. ಸಮಾಜವಾದಿಗಳ ಮತ ಊರೂರಿಗೆ ಚದುರಿತ್ತು, ಕಮ್ಯುನಿಸ್ಟರದು ಒಂದೆರಡು ಪ್ರಾಂತಗಳಲ್ಲಿ ಗಟ್ಟಿಯಾಗಿ ನಿಂತಿತ್ತು. ಈ ಲೆಕ್ಕವನ್ನು ನೋಡಿದಾಗ ಮುಂದಿನ ಜಗಳದ ಬೀಜ ಎಲ್ಲಿತ್ತೆಂದು ತಿಳಿಯುತ್ತದೆ. ಸೋತ ಮನೆಯಲ್ಲಿ ಯಾರು ಸೋಲಿಸಿದರು ಎಂಬ ಮಾತು ಬಂದೇ ಬರುತ್ತದಲ್ಲವೆ?

ಆದರೂ ಮಲೆನಾಡಿನಲ್ಲಿ ಅವರಿಗೆ ಬೇರು ಇತ್ತು. ೧೯೫೧ರ ಏಪ್ರಿಲಿನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಆರಂಭವಾಯಿತು. ಗೇಣಿ ಅಳೆಯಲು ಧಣಿಗಳು ಬಳಸುತ್ತಿದ್ದ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದು ಎಂಬುದು ರೈತರ ದೂರುಗಳಲ್ಲೊಂದು. ಎಚ್. ಗಣಪತಿಯಪ್ಪನವರ ರೈತಸಂಘ ಕಟ್ಟಿದ ಹೋರಾಟಕ್ಕೆ ಗೋಪಾಲಗೌಡರು ಮತ್ತು ಸಮಾಜವಾದಿಗಳು ಹೆಗಲುಕೊಟ್ಟರು. ಜನ ಗದ್ದೆಗಿಳಿದು ನೇಗಿಲು ಹಿಡಿದು ಜೈಲಿಗೆ ಹೋದರು. ಜೂನಿನಲ್ಲಿ ಲೋಹಿಯಾ ಅಲ್ಲಿಗೇ ಬಂದು ದಸ್ತಗಿರಿಯಾದರು. ೧೯೫೨ರಲ್ಲಿ ಗೋಪಾಲಗೌಡರು ಮೈಸೂರು ವಿಧಾನಸಭೆಗೆ ಆರಿಸಿ ಬಂದಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಅದೇ ವರ್ಷ ಸಮಾಜವಾದೀ ಪಕ್ಷವು ಆಚಾರ್ಯ ಕೃಪಲಾನಿಯವರ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದೊಡನೆ ಕೂಡಿ ಪ್ರಜಾ ಸೋಷಲಿಸ್ಟ್ ಪಕ್ಷವಾಯಿತು. ಸಮಾಜವಾದಿಗಳ ಗುರುತು ಮರ, ಕೃಪಲಾನಿಯವರದು ಗುಡಿಸಲು. ಕೂಡಿದ ಮೇಲೆ ಗುಡಿಸಲು ಉಳಿಯಿತು. ಮುಂದೆ ಲೋಹಿಯಾ ಕಡೆಯವರು ಬೇರೆ ಹೋದಾಗ ಅವರ ಪಾಲಿಗೆ ಆಲದ ಮರ ಮತ್ತೆ ಬಂತು. ಓದು ಬಾರದ ನಮ್ಮ ತಾತನಂಥವರಿಗೆ ಪಕ್ಷವೆಂದರೆ ಇದೇ ಅಲ್ಲವೆ? ಸಿದ್ಧಾಂತ ಒಡೆದುದು ಅವರಿಗೆ ಕಾಣುವುದು ಚಿತ್ರ ಬದಲಾದಾಗ.

ಈಗ ಮುಖ್ಯವಾದ ಜಗಳಕ್ಕೆ ಬರೋಣ. ಇದು ಕುರ್ಚಿಯ ಜಗಳವಾಗಿ ಆರಂಭವಾಗಲಿಲ್ಲ ಎಂಬುದೇ ನನಗೆ ಆಶ್ಚರ್ಯ ತಂದದ್ದು. ೧೯೫೪ರಲ್ಲಿ ತಿರುವಾಂಕೂರು-ಕೊಚ್ಚಿಯಲ್ಲಿ ಪಟ್ಟಂ ತಾಣು ಪಿಳ್ಳೆಯವರ ನಾಯಕತ್ವದಲ್ಲಿ ಪ್ರಜಾ ಸೋಷಲಿಸ್ಟರ ಮಂತ್ರಿಮಂಡಲ ರಚಿತವಾಗಿತ್ತು. ಸ್ವಂತ ಬಹುಮತವಿಲ್ಲ, ಕಾಂಗ್ರೆಸ್ಸಿನ ಬೆಂಬಲದ ಮೇಲೆ ನಿಂತ ಸರ್ಕಾರ. ಆಗಸ್ಟಿನಲ್ಲಿ ತಮಿಳು ಭಾಗದ ಚಳವಳಿಗಾರರ ಮೇಲೆ ಪೊಲೀಸರು ಗೋಲೀಬಾರು ಮಾಡಿ ಜನ ಸತ್ತರು. ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ಲೋಹಿಯಾ ಆಗ ಉತ್ತರ ಪ್ರದೇಶದ ಜೈಲಿನಲ್ಲಿದ್ದರು. ಅಲ್ಲಿಂದಲೇ ತಮ್ಮದೇ ಪಕ್ಷದ ಮಂತ್ರಿಮಂಡಲ ರಾಜೀನಾಮೆ ಕೊಡಬೇಕೆಂದು ಕೇಳಿದರು. ಕಾಂಗ್ರೆಸ್ ಸರ್ಕಾರ ಗುಂಡು ಹಾರಿಸಿದಾಗ ತಪ್ಪಾದದ್ದು ನಾವು ಹಾರಿಸಿದಾಗ ಸರಿಯಾಗುವುದು ಹೇಗೆ ಎಂಬುದು ಅವರ ವಾದದ ತಿರುಳು. ರಾಜ್ಯವಾಳಲು ಹೊರಟವರು ಒಂದೊಂದು ಗಲಭೆಗೂ ಅಧಿಕಾರ ಬಿಟ್ಟು ಓಡಿದರೆ ಜನ ನಮ್ಮನ್ನು ನಂಬುವರೇ, ವಿಚಾರಣೆ ನಡೆಸಿದರೆ ಸಾಲದೆ ಎಂಬುದು ಇನ್ನೊಂದು ಕಡೆಯವರ ವಾದ. ನವೆಂಬರಿನ ನಾಗಪುರದ ಅಧಿವೇಶನದಲ್ಲಿ ಬಹುಮತ ಲೋಹಿಯಾ ಕಡೆಗೆ ಬರಲಿಲ್ಲ.

ಗಾಯ ಮಾಯುವ ಮೊದಲೇ ಮತ್ತೊಂದು ಪೆಟ್ಟು ಬಿತ್ತು. ೧೯೫೫ರ ಜನವರಿಯಲ್ಲಿ ಕಾಂಗ್ರೆಸ್ಸು ಆವಡಿಯಲ್ಲಿ ಸೇರಿ ಸಮಾಜವಾದೀ ಮಾದರಿಯ ಸಮಾಜವೇ ತನ್ನ ಗುರಿ ಎಂದು ಸಾರಿತು. ಸಮಾಜವಾದಿಗಳ ಬೋರ್ಡನ್ನು ನೆಹರೂ ತಮ್ಮ ಅಂಗಡಿಯ ಮೇಲೆ ತೂಗುಹಾಕಿದಂತಾಯಿತು! ದೇಶ ಹಿಂದುಳಿದಿರುವಾಗ ಕಾಂಗ್ರೆಸ್ಸಿನೊಡನೆ ಒಂದಿಷ್ಟು ಸಹಕರಿಸುವುದು ಅನಿವಾರ್ಯವೆಂದು ಅಶೋಕ ಮೆಹತಾ ಮೊದಲಿಂದ ಹೇಳುತ್ತಿದ್ದರು. ಕಾಂಗ್ರೆಸ್ಸಿಗೂ ಕಮ್ಯುನಿಸ್ಟರಿಗೂ ಸಮದೂರದಲ್ಲಿರಬೇಕೆಂಬುದು ಲೋಹಿಯಾ ಮತ. ಮೆಹತಾರನ್ನು ಬಹಿರಂಗವಾಗಿ ಖಂಡಿಸಿದ ಮಧು ಲಿಮಯೆಯವರನ್ನು ಮುಂಬಯಿ ಶಾಖೆ ಅಮಾನತು ಮಾಡಿತು. ಲಿಮಯೆಯವರ ಪರ ನಿಂತ ಲೋಹಿಯಾರೂ ಅಮಾನತಾದರು. ಆ ವರ್ಷದ ಕೊನೆಯ ದಿನಗಳಲ್ಲಿ ಹೈದರಾಬಾದಿನಲ್ಲಿ ಲೋಹಿಯಾರ ಬೇರೆಯ ಸಮಾಜವಾದೀ ಪಕ್ಷ ಹುಟ್ಟಿತು. ಎರಡು ಕಡೆಗೂ ಹಿರಿಯರಾಗಿ ನಿಲ್ಲಬಹುದಾಗಿದ್ದ ಜಯಪ್ರಕಾಶರು ಅಷ್ಟರಲ್ಲಿ ಭೂದಾನಕ್ಕೆ ಜೀವನವನ್ನೇ ಕೊಟ್ಟು ಪಕ್ಷರಾಜಕಾರಣದಿಂದ ದೂರ ಸರಿದಿದ್ದರು. ನರೇಂದ್ರದೇವರು ೧೯೫೬ರ ಫೆಬ್ರವರಿಯಲ್ಲಿ ತೀರಿಕೊಂಡರು. ನಮ್ಮ ಗೋಪಾಲಗೌಡರು ಲೋಹಿಯಾ ಹಿಂದೆ ನಡೆದರು.

ಗೋಲೀಬಾರಿನ ವಿಷಯದಲ್ಲಿ ನನ್ನ ಮನಸ್ಸು ಲೋಹಿಯಾ ಕಡೆಗೇ ವಾಲುತ್ತದೆ. ಗುಂಡು ತಿಂದವನಿಗೆ ಅದು ಯಾವ ಪಕ್ಷದ ಗುಂಡಾದರೇನು? ಆದರೆ ಪಕ್ಷವೇ ಎರಡಾದದ್ದು ಸರಿಯೇ ಎಂದರೆ ಅಷ್ಟು ಧೈರ್ಯವಾಗಿ ಹೇಳಲಾರೆ. ಇಲ್ಲಿ ಲೇಬರ್ ಪಕ್ಷದ ಪಾಠ ನನ್ನ ನೆರವಿಗೆ ಬಂತು.

ಕಾಗೋಡಿನಲ್ಲಿ ರೈತರು ಗದ್ದೆಗಿಳಿದ ಅದೇ ೧೯೫೧ರ ಏಪ್ರಿಲಿನಲ್ಲಿ ಲಂಡನ್ನಿನಲ್ಲಿ ಅನ್ಯೂರಿನ್ ಬೆವನ್ ಮಂತ್ರಿಪದವಿ ಬಿಟ್ಟರು. ಎಲ್ಲರಿಗೂ ಉಚಿತ ವೈದ್ಯ ಎಂಬ ಯೋಜನೆಯನ್ನು ೧೯೪೮ರಲ್ಲಿ ಜಾರಿಗೆ ತಂದವರು ಅವರೇ. ಹಣಕಾಸಿನ ಮಂತ್ರಿ ಹ್ಯೂ ಗೇಟ್ಸ್ಕೆಲ್ ಕಟ್ಟುಹಲ್ಲಿಗೂ ಕನ್ನಡಕಕ್ಕೂ ಜನರಿಂದ ಅರ್ಧ ಬೆಲೆ ವಸೂಲು ಮಾಡಹೊರಟಾಗ ಗಣಿಕಾರನ ಮಗನಾದ ಬೆವನ್ ತಡೆಯಲಿಲ್ಲ. ಮುಂದಿನ ನಾಲ್ಕು ವರ್ಷ ಅವರಿಬ್ಬರ ಬಣಗಳು ಹಾವು ಮುಂಗುಸಿಗಳಂತೆ ಕಾದಾಡಿದುವು. ೧೯೫೫ರ ಮಾರ್ಚಿನಲ್ಲಿ ಬೆವನ್‌ರನ್ನು ಪಕ್ಷದಿಂದಲೇ ಹೊರಹಾಕುವ ಪ್ರಶ್ನೆ ಬಂದಾಗ ಕಾರ್ಯಸಮಿತಿಯಲ್ಲಿ ಅವರು ಉಳಿದದ್ದು ಒಂದೇ ಮತದಿಂದ, ೧೪ಕ್ಕೆ ೧೩. ಡಿಸೆಂಬರಿನಲ್ಲಿ ನಾಯಕನ ಆಯ್ಕೆ ನಡೆದು ಗೇಟ್ಸ್ಕೆಲ್ ೧೫೭ ಮತ ಪಡೆದರು, ಬೆವನ್ ೭೦, ಮಾರಿಸನ್ ೪೦. ಅದೇ ತಿಂಗಳಲ್ಲೇ ಹೈದರಾಬಾದಿನಲ್ಲಿ ನಮ್ಮವರು ಬೇರೆಯಾದದ್ದು. ಸೋತ ಬೆವನ್ ಬೇರೆ ಪಕ್ಷ ಕಟ್ಟಲಿಲ್ಲ. ಗೊಣಗುತ್ತಲೇ ಒಳಗುಳಿದರು, ೧೯೫೯ರಲ್ಲಿ ಗೇಟ್ಸ್ಕೆಲ್‌ಗೆ ಉಪನಾಯಕರಾದರು. ೧೯೫೧ರಲ್ಲಿ ಬೆವನ್ ಜೊತೆಗೇ ರಾಜೀನಾಮೆ ಕೊಟ್ಟಿದ್ದ ಹೆರಾಲ್ಡ್ ವಿಲ್ಸನ್ ೧೯೬೪ರಲ್ಲಿ ಅದೇ ಪಕ್ಷದಿಂದ ಪ್ರಧಾನಿಯಾದರು.

ಅವರು ನಮ್ಮವರಿಗಿಂತ ಒಳ್ಳೆಯವರೇ? ಹಾಗೆ ನನಗೆ ತೋರುವುದಿಲ್ಲ. ಅವರ ಪಕ್ಷಕ್ಕೆ ಒಂದು ಮನೆ ಇತ್ತು. ಲಕ್ಷಾಂತರ ಕಾರ್ಮಿಕರ ಸಂಘಗಳು ವಂತಿಗೆ ಕಟ್ಟಿ ನಡೆಸುತ್ತಿದ್ದ ಪಕ್ಷ ಅದು. ವಾರ್ಷಿಕ ಸಮ್ಮೇಳನದಲ್ಲಿ ಮತದ ಗಂಟೂ ಆ ಸಂಘಗಳ ಕೈಯಲ್ಲೇ. ಬಿಟ್ಟು ಹೋಗುವವನು ಆ ಹಣ, ಆ ಕಚೇರಿ, ಆ ಕಾರ್ಮಿಕರು ಎಲ್ಲವನ್ನೂ ಹಿಂದೆಯೇ ಬಿಟ್ಟು ಬರಿಗೈಯಲ್ಲಿ ಹೋಗಬೇಕು. ನಮ್ಮ ಹಳೇಬೀಡಿನ ದೊಡ್ಡ ಗುಡಿಯಲ್ಲಿ ಒಂದೇ ಜಗಲಿಯ ಮೇಲೆ ಹೊಯ್ಸಳೇಶ್ವರನಿಗೊಂದು, ಶಾಂತಲೇಶ್ವರನಿಗೊಂದು ಗರ್ಭಗುಡಿ ಇರುವುದನ್ನು ಎಲ್ಲರೂ ನೋಡಿದ್ದೀರಿ. ಜಗಲಿ ಅಷ್ಟು ಅಗಲವಾಗಿದ್ದರೆ ಇಬ್ಬರಿಗೂ ಎಡೆಯುಂಟು. ಆ ಮನೆಯಿಂದಲೂ ಒಮ್ಮೆ ನಾಲ್ವರು ಹೊರಟರು. ೧೯೮೧ರಲ್ಲಿ ರಾಯ್ ಜೆಂಕಿನ್ಸ್ ಮೊದಲಾದವರು ಸೋಷಲ್ ಡೆಮಾಕ್ರಟಿಕ್ ಪಕ್ಷ ಕಟ್ಟಿ ಲಿಬರಲರೊಡನೆ ಕೂಡಿದರು. ೧೯೮೩ರ ಚುನಾವಣೆಯಲ್ಲಿ ಲೇಬರ್ ಪಕ್ಷಕ್ಕೆ ನೂರಕ್ಕೆ ೨೭.೬ ಮತ, ೨೦೯ ಸ್ಥಾನ. ಈ ಕೂಟಕ್ಕೆ ೨೫.೪ ಮತ, ಸಿಕ್ಕ ಸ್ಥಾನ ೨೩! ಒಬ್ಬನೇ ಗೆಲ್ಲುವ ಕ್ಷೇತ್ರಪದ್ಧತಿ ಒಡೆದವರನ್ನು ಹೀಗೆ ದಂಡಿಸುತ್ತದೆ. ನಮ್ಮಲ್ಲೂ ಅದೇ ಪದ್ಧತಿ.

ನಮ್ಮ ಸಮಾಜವಾದಿಗಳಿಗೆ ಮನೆ ಎಲ್ಲಿತ್ತು? ಪಕ್ಷವೆಂದರೆ ಹತ್ತು ಹನ್ನೆರಡು ಮಂದಿ ಮಹಾಮೇಧಾವಿಗಳು, ಅವರ ಭಾಷಣ, ಅವರನ್ನು ಪ್ರಾಣದಂತೆ ನಂಬಿದ ಬಡ ಕಾರ್ಯಕರ್ತರು. ಮುಖಂಡ ಹೊರಟರೆ ಪಕ್ಷದ ಒಂದು ತುಂಡು ಅವನ ಜೋಳಿಗೆಯಲ್ಲೇ ಹೋಗುತ್ತಿತ್ತು. ಕಳೆದುಕೊಳ್ಳಲು ಬೇರೇನೂ ಇರಲಿಲ್ಲ. ಸಾಲದುದಕ್ಕೆ ಪಕ್ಕದಲ್ಲೇ ಕಾಂಗ್ರೆಸ್ಸಿನ ತೊಟ್ಟಿಮನೆ, ಬಾಗಿಲು ಸದಾ ತೆರೆದಿತ್ತು. ಅಶೋಕ ಮೆಹತಾ ೧೯೬೩ರಲ್ಲಿ ಯೋಜನಾ ಆಯೋಗಕ್ಕೆ ಹೋದರು, ಆಮೇಲೆ ಕಾಂಗ್ರೆಸ್ಸಿಗೆ. ನಮ್ಮಲ್ಲಿ ೧೯೬೭ರಲ್ಲಿ ಸೊರಬದಿಂದ ಸಮಾಜವಾದಿಯಾಗಿ ಗೆದ್ದ ಬಂಗಾರಪ್ಪನವರು ಮುಂದೆ ಕಾಂಗ್ರೆಸ್ ಮುಖ್ಯಮಂತ್ರಿಯಾದರು.

ಮುಂದಿನದನ್ನು ಬೇಗ ಹೇಳುತ್ತೇನೆ. ಓದುವಾಗ ನನಗೇ ತಲೆ ಸುತ್ತಿತ್ತು. ೧೯೬೪ರಲ್ಲಿ ಎರಡೂ ಪಕ್ಷಗಳು ಸಂಯುಕ್ತ ಸೋಷಲಿಸ್ಟ್ ಪಕ್ಷವೆಂದು ಕೂಡಿದುವು. ೧೯೬೫ರಲ್ಲಿ ವಾರಾಣಸಿಯ ಅಧಿವೇಶನದಲ್ಲಿ ಮತ್ತೆ ಒಡೆದುವು. ೧೯೬೭ರ ಮೈಸೂರು ವಿಧಾನಸಭೆಯಲ್ಲಿ ಗುಡಿಸಲಿನವರು ೨೦, ಆಲದ ಮರದವರು ೬. ೧೯೫೭ರಲ್ಲಿ ಸೋತಿದ್ದ ಗೋಪಾಲಗೌಡರು ೧೯೬೨ರಲ್ಲೂ ೧೯೬೭ರಲ್ಲೂ ತೀರ್ಥಹಳ್ಳಿಯಿಂದ ಗೆದ್ದರು. ಶಿವಮೊಗ್ಗದಿಂದ ಲೋಕಸಭೆಗೆ ಹೋದ ಜೆ. ಎಚ್. ಪಟೇಲರು ಅಲ್ಲಿ ಕನ್ನಡದಲ್ಲಿ ಮಾತನಾಡಿ ಹೆಸರಾದರು. ಅದೇ ವರ್ಷ ಅಕ್ಟೋಬರಿನಲ್ಲಿ ಲೋಹಿಯಾ ತೀರಿಕೊಂಡರು. ೧೯೭೧ರಲ್ಲಿ ಮತ್ತೆ ಕೂಡಿಕೆ, ೧೯೭೨ರಲ್ಲಿ ಮತ್ತೆ ಒಡಕು. ೧೯೭೨ರ ಜೂನಿನಲ್ಲಿ ಗೋಪಾಲಗೌಡರು ತೀರಿಕೊಂಡಾಗ ಅವರಿಗೆ ಐವತ್ತೂ ಆಗಿರಲಿಲ್ಲ. ಕಾಗೋಡಿನಲ್ಲಿ ಅವರು ಕೇಳಿದ್ದನ್ನು ೧೯೭೪ರ ಕಾನೂನಿನಲ್ಲಿ ತಂದುಕೊಟ್ಟದ್ದು ಕಾಂಗ್ರೆಸ್ಸಿನ ದೇವರಾಜ ಅರಸರ ಸರ್ಕಾರ. ನಮ್ಮ ಒಂದೂವರೆ ಎಕರೆಯ ಹಿಂದೆ ಇಷ್ಟೆಲ್ಲ ಇದೆ: ಕೂಗಿದವರು ಸಮಾಜವಾದಿಗಳು, ಕೊಟ್ಟವರು ಅರಸರು, ಫಾರಂ ತುಂಬಿದವರು ಕೆಳಮನೆಯ ತಾತ.

೧೯೭೭ರಲ್ಲಿ ಸಮಾಜವಾದೀ ಪಕ್ಷ ತನ್ನನ್ನು ತಾನೇ ವಿಸರ್ಜಿಸಿಕೊಂಡು ಜನತಾ ಪಕ್ಷದಲ್ಲಿ ಕರಗಿತು. ಪಕ್ಷ ಕರಗಿದರೂ ಒಡೆಯುವ ಅಭ್ಯಾಸ ಕರಗಲಿಲ್ಲ. ೧೯೮೩ರಲ್ಲಿ ೯೫ ಸ್ಥಾನ ಗೆದ್ದು ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಕಟ್ಟುವಾಗಲೇ ನಾಯಕ ಯಾರೆಂಬ ಪೈಪೋಟಿ ನಡೆಯಿತು. ಶಾಸಕರೇ ಅಲ್ಲದಿದ್ದ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರು. ೧೯೮೫ರಲ್ಲಿ ೧೩೯ ಸ್ಥಾನ ಬಂತು. ಆದರೆ ಹೆಗಡೆಯವರಿಗೂ ನಮ್ಮ ಜಿಲ್ಲೆಯ ಹರದನಹಳ್ಳಿಯ ಎಚ್. ಡಿ. ದೇವೇಗೌಡರಿಗೂ ಮನಸ್ಸು ಕೂಡಲಿಲ್ಲ. ೧೯೮೮ರಲ್ಲಿ ಟೆಲಿಫೋನ್ ಕದ್ದಾಲಿಕೆಯ ಹಗರಣದಲ್ಲಿ ಹೆಗಡೆ ರಾಜೀನಾಮೆ ಕೊಟ್ಟರು. ಅವರ ನಂತರ ಬಂದ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು ೧೯೮೯ರ ಏಪ್ರಿಲಿನಲ್ಲಿ ವಜಾ ಮಾಡಲಾಯಿತು. ಸಂವಿಧಾನದ ಪತ್ರಿಕೆಯಲ್ಲಿ ನಾವು ಬಾಯಿಪಾಠ ಮಾಡುವ ೧೯೯೪ರ ಬೊಮ್ಮಾಯಿ ತೀರ್ಪು ಆ ಜಗಳದ ಮೊಮ್ಮಗು ಎಂಬುದು ಎಷ್ಟು ಮಂದಿಗೆ ಗೊತ್ತೋ! ೧೯೮೯ರ ಚುನಾವಣೆಗೆ ಇಬ್ಬರೂ ಬೇರೆ ಬೇರೆ ನಿಂತರು. ಜನತಾದಳಕ್ಕೆ ೨೪, ದೇವೇಗೌಡರಿದ್ದ ಜನತಾ ಪಕ್ಷಕ್ಕೆ ೨, ಗೌಡರೂ ಸೋತರು.

ಮತ್ತೆ ಕೂಡಿ ನಿಂತದ್ದರಿಂದ ೧೯೯೪ರಲ್ಲಿ ೧೧೫ ಸ್ಥಾನ ಬಂತು. ಗೌಡರು ಮುಖ್ಯಮಂತ್ರಿಯಾಗಿ, ೧೯೯೬ರ ಜೂನಿನಲ್ಲಿ ಪ್ರಧಾನಿಯೂ ಆದರು. ಆ ತಿಂಗಳೇ ಹೆಗಡೆಯವರನ್ನು ಪಕ್ಷದಿಂದ ಹೊರಹಾಕಲಾಯಿತು. ಅವರು ಲೋಕಶಕ್ತಿ ಕಟ್ಟಿದರು. ಗೌಡರ ನಂತರ ಮುಖ್ಯಮಂತ್ರಿಯಾದ ಹಳೆಯ ಸಮಾಜವಾದಿ ಪಟೇಲರು ೧೯೯೯ರಲ್ಲಿ ಹೆಗಡೆಯವರೊಡನೆ ಕೂಡಿ ಭಾರತೀಯ ಜನತಾ ಪಕ್ಷದ ಮೈತ್ರಿಕೂಟದ ಕಡೆಗೆ ಹೊರಟರು. ಗೌಡರು ಬೇಡವೆಂದರು. ಚಕ್ರದ ಗುರುತನ್ನು ಚುನಾವಣಾ ಆಯೋಗ ತಡೆಹಿಡಿಯಿತು. ಸಂಯುಕ್ತ ಜನತಾದಳಕ್ಕೆ ೧೮ ಸ್ಥಾನ, ಜಾತ್ಯತೀತ ಜನತಾದಳಕ್ಕೆ ೧೦, ಕಾಂಗ್ರೆಸ್ಸಿಗೆ ೧೩೨. ಹಾಸನದಲ್ಲೇ ಗೌಡರು ಲೋಕಸಭೆಗೆ ಸೋತರು.

ನಮ್ಮ ತಾತನ ಮೌನದ ಕಾರಣ ಇಲ್ಲಿದೆ. ಬಿ.ಜೆ.ಪಿ.ಯೊಡನೆ ಹೋಗಬಹುದೇ ಕೂಡದೇ ಎಂಬುದು ಅಂದಿನ ಪ್ರಶ್ನೆ; ೧೯೫೪ರ ಗೋಲೀಬಾರಿನಂತೆ ಇದೂ ಸುಳ್ಳು ಪ್ರಶ್ನೆಯಲ್ಲ. ಕೆಳಮನೆಯ ತಾತ ಪಟೇಲರನ್ನು ಗೋಪಾಲಗೌಡರ ಉಸಿರೆಂದು ನಂಬಿ ಆ ಕಡೆ ಹೋದರು. ನಮ್ಮ ತಾತ ನಮ್ಮ ಜಿಲ್ಲೆಯವರೆಂದು ಈ ಕಡೆ ಉಳಿದರು. ಮೇಲಿನವರು ಆಮೇಲೂ ಕೂಡಿದರು, ಅಗಲಿದರು. ಗೌಡರ ಪಕ್ಷವೇ ೨೦೦೬ರಲ್ಲಿ ಬಿ.ಜೆ.ಪಿ.ಯೊಡನೆ ಸರ್ಕಾರ ಮಾಡಿತು, ೨೦೧೮ರಲ್ಲಿ ಕಾಂಗ್ರೆಸ್ಸಿನೊಡನೆ, ೨೦೨೩ರಲ್ಲಿ ಮತ್ತೆ ಬಿ.ಜೆ.ಪಿ.ಯ ಮೈತ್ರಿಕೂಟಕ್ಕೆ ಸೇರಿತು. ಯಾವ ಪ್ರಶ್ನೆಗಾಗಿ ಎತ್ತುಗಳು ಬೇರೆಯಾದುವೋ ಆ ಪ್ರಶ್ನೆಯನ್ನು ಮೇಲಿನವರು ಎಂದೋ ಮಡಿಸಿಟ್ಟಿದ್ದಾರೆ. ಕೆಳಗಿನವರಿಗೆ ಯಾರೂ ಬಂದು ಹೇಳಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ. ಅವರು ಒಡೆದರೆಂದಲ್ಲ, ಕೂಡಿದಾಗ ನಮ್ಮೂರಿಗೆ ಹೇಳಿಕಳಿಸಲಿಲ್ಲವೆಂದು.

ಈ ಲೇಖನಕ್ಕಾಗಿ ಬರೆದುಕೊಂಡ ಟಿಪ್ಪಣಿಯನ್ನು ಕಳೆದ ಸಂಕ್ರಾಂತಿಯ ರಜದಲ್ಲಿ ತಾತನಿಗೆ ಓದಿ ಹೇಳಿದೆ. ೨೦೦೬ರ ವಿಷಯ ಬಂದಾಗ, "ಹೌದಲ್ಲ, ಇವ್ರೂ ಆಮೇಲೆ ಅಲ್ಲಿಗೇ ಹೋದ್ರಲ್ಲ" ಎಂದು ಸುಮ್ಮನಾದರು. ಮಾರನೆಯ ದಿನ ಒಂದು ಬುಟ್ಟಿಯಲ್ಲಿ ಎಂಟ್ಹತ್ತು ತೆಂಗಿನಕಾಯಿ ಹಾಕಿ, ಕೆಳಮನೆಗೆ ಕೊಟ್ಟು ಬಾ ಎಂದರು. ಆ ತಾತ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಬುಟ್ಟಿ ನೋಡಿ, "ನಿಮ್ ತಾತ ಈಗ ಯಾವ ಕಡೆ?" ಎಂದು ಕೇಳಿದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. "ಮನೇಲೇ ಅವ್ರೆ" ಎಂದೆ. ಅವರು ನಕ್ಕು ಸೊಸೆಯನ್ನು ಕರೆದರು. ಬುಟ್ಟಿಯನ್ನು ಬರಿದಾಗಿ ಕಳಿಸಬಾರದೆಂದು ಆಕೆ ಎರಡು ಸೇರು ಸೊಗಡಿನ ಅವರೆಕಾಯಿ ತುಂಬಿ ಕೊಟ್ಟರು.